ಕುಕ್ಕರಿನ ಮುಂದೆ ಸಿಕ್ಕ ಉತ್ತರ

ದತ್ತ ಮಹಾರಾಜರನ್ನು ನಂಬಿದ ಎಲ್ಲರಿಗೂ ಅಫಜಲಪುರದ ಈ ಮಗಳ ನಮಸ್ಕಾರ. ನನ್ನ ಕಷ್ಟ ಕೇಳಿ ನಗಬೇಡಿ. ನೀರು ನನ್ನ ಲೆಕ್ಕದಲ್ಲಿ ಸರಿಯಾಗಿ ಕುದಿಯಲೊಲ್ಲದೆ ನನ್ನ ಓದಿಗೇ ಕುತ್ತು ಬಂದಿತ್ತು.

ನಾನು ಕಲಬುರಗಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಫ್ಲಾಸ್ಕಿನಲ್ಲಿ ನೀರು ಕಾಯಿಸಿ ಮುಚ್ಚಿ, ಅದು ಆರುತ್ತ ಬಂದಂತೆ ಒಂದೊಂದು ಉಷ್ಣತೆಗೂ ಆವಿಯ ಒತ್ತಡ ಎಷ್ಟೆಂದು ಬರೆದುಕೊಂಡು ಗೆರೆ ಎಳೆಯಬೇಕು. ಗೆರೆಯ ಇಳಿಜಾರಿನಿಂದ ನೀರು ಆವಿಯಾಗಲು ಬೇಕಾದ ಶಾಖ ಸಿಗುತ್ತದೆ, ಗೆರೆಯನ್ನು ಮುಂದಕ್ಕೆ ಎಳೆದರೆ ಕುದಿಯುವ ಬಿಂದು ಸಿಗುತ್ತದೆ. ಶಾಖ ನಲವತ್ತು ಕಿಲೋಜೂಲ್ ದಾಟಬೇಕಿತ್ತು, ನನಗೆ ಬಂದದ್ದು ಇಪ್ಪತ್ತೈದು. ಕುದಿಯುವ ಬಿಂದು ನೂರಾ ಎಂಟು ಡಿಗ್ರಿ! "ನೂರಾ ಎಂಟು ಜಪಕ್ಕ ಚಂದ ಬೇ, ನೀರಿಗಲ್ಲ" ಎಂದು ಗೆಳತಿ ನಕ್ಕಳು. ನಾನು ಫೇಲಾದೆ.

ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ ಪದವಿ ಇಲ್ಲ, ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಆಸೆಯೂ ಅಲ್ಲಿಗೇ ಮುಗಿಯಿತು. ಅಭ್ಯಾಸಕ್ಕೆಂದು ಮತ್ತೆ ಮಾಡಿದೆ, ಮತ್ತೆ ಅದೇ ಗೆರೆ. ಲಾಗ್ ಕೋಷ್ಟಕ ತಿರುವಿ ನೋಡಿದೆ, ಉಷ್ಣತೆಯನ್ನು ಮತ್ತೆ ಕೆಲ್ವಿನ್ನಿಗೆ ಬದಲಿಸಿ ನೋಡಿದೆ, ತಪ್ಪು ಸಿಗಲಿಲ್ಲ. ಊಟ ಸೇರದು, ಕೂತಲ್ಲಿ ಕೂರಲಾರೆ. ಮೊದಲೇ ನಾನು ಗಡಿಬಿಡಿಯವಳು, ಬಸ್ಸು ನಿಲ್ಲುವ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತೇನೆ.

ಪರೀಕ್ಷೆಗೆ ಮುಂಚಿನ ಗುರುವಾರ ಅವ್ವ, "ಗಾಣಗಾಪುರಕ್ಕ ಹೋಗಿ ಮಧುಕರಿ ನೀಡಿ ಬರೋಣ ನಡೀ" ಎಂದಳು. ಮಧ್ಯಾಹ್ನ ಜೋಳಿಗೆ ಹಿಡಿದು ಬರುವವರಲ್ಲಿ ದತ್ತನೂ ಇರುತ್ತಾನೆಂದು ನಂಬಿ ನೀಡುವ ಭಿಕ್ಷೆ ಅದು. ಚೌಡಾಪುರದಲ್ಲಿ ಬಸ್ಸಿಗೆ ಕಾಯುವಾಗ ನನಗೆ ತಲೆ ಕೆಟ್ಟಿತು. "ಓದೋದು ಬಿಟ್ಟು ಅನ್ನ ಬೇಯಿಸಾಕ ಹೊಂಟೇನಿ ನೋಡವ್ವ" ಎಂದು ರೇಗಿದೆ. ಆದರೆ ಗುಡಿಯ ಕಿಂಡಿಯಲ್ಲಿ ದತ್ತನ ಪಾದುಕೆ ಕಂಡದ್ದೇ ಅಳು ಬಂತು. "ಅಪ್ಪಾ, ತಪ್ಪು ಎಲ್ಲಿ ಅದ ತೋರಸು, ಬ್ಯಾರೆ ಏನೂ ಕೇಳಂಗಿಲ್ಲ" ಎಂದೆ.

ಗುಡಿಯ ಹತ್ತಿರ ಹಿಡಿದಿದ್ದ ರೂಮಿಗೆ ಬಂದು ಕುಕ್ಕರಿನಲ್ಲಿ ಅನ್ನಕ್ಕಿಟ್ಟೆವು. ಹೊರಗೆ ಭಿಕ್ಷೆಯವರ ಕೂಗು ಕೇಳುತ್ತಿತ್ತು. ನಮ್ಮ ಜೊತೆ ಬಂದಿದ್ದ ತಂಗಿ ಕುಕ್ಕರಿನ ಸೀಟಿ ಕೈಗೆತ್ತಿಕೊಂಡು, "ಅಕ್ಕಾ, ಇಟ್ಟುಬಿಡ್ತೇನಿ, ಹನ್ನೆರಡ ಆಗಾಕ ಬಂತು" ಎಂದಳು.

"ತಡೀ ಬೇ! ಒಳಗಿನ ಗಾಳಿ ಎಲ್ಲಾ ಹೊರಗ ಹೋಗ್ಲಿ. ಬರೇ ಉಗಿ ಬಂದ ಮ್ಯಾಲೆ ಸೀಟಿ ಇಡು."

ಹೇಳಿದವಳು ನಾನೇ. ಕೈಯಲ್ಲಿದ್ದ ಸೌಟು ಜಾರಿ ಬಿತ್ತು. ಪ್ರಯೋಗದಲ್ಲೂ ಮೊದಲು ನೀರು ಕುದಿಸಿ ಗಾಳಿಯನ್ನೆಲ್ಲ ಓಡಿಸಬೇಕು, ಆಮೇಲೆ ಮುಚ್ಚಬೇಕು. ನಾನು ನಾಲ್ಕು ಗುಳ್ಳೆ ಕಂಡ ಕೂಡಲೇ ಅವಸರದಲ್ಲಿ ಮುಚ್ಚುತ್ತಿದ್ದೆ. ಒಳಗುಳಿದ ಗಾಳಿಯ ಒತ್ತಡವನ್ನೂ ಆವಿಯದೆಂದೇ ಬರೆದುಕೊಂಡಿದ್ದೆ! ಲೆಕ್ಕದಲ್ಲಿ ಹುಡುಕಿದ ತಪ್ಪು ಫ್ಲಾಸ್ಕಿನೊಳಗೆ ಕೂತಿತ್ತು.

ಅನ್ನವನ್ನು ಅವಸರವಸರವಾಗಿ ನೀಡುತ್ತಿದ್ದೆ. ಜೋಳಿಗೆ ಒಡ್ಡಿದ್ದ ಮುದುಕಿಯೊಬ್ಬಳು, "ಸಾವಕಾಶ ನೀಡವ್ವ, ನಾ ಎಲ್ಲೂ ಓಡಿ ಹೋಗಂಗಿಲ್ಲ" ಎಂದಳು.

ಪರೀಕ್ಷೆಯ ದಿನ ಫ್ಲಾಸ್ಕಿನ ಮುಂದೆ ಕೈಕಟ್ಟಿ ನಿಂತೆ. ಮುಚ್ಚಲು ಬೆರಳು ತುರಿಸುತ್ತಿದ್ದವು, ಆದರೂ ನಿಂತೆ. ಶಾಖ ನಲವತ್ತೆರಡು ಬಂತು, ಕುದಿಯುವ ಬಿಂದು ನೂರರ ಹತ್ತಿರ. ಪಾಸಾದೆ.

"ನಿನಗ ಗೊತ್ತಿದ್ದದ್ದೇ ನೆನಪಾತು, ಇದರಾಗ ದತ್ತ ಏನು ಮಾಡಿದ?" ಎಂದು ಗೆಳತಿ ಈಗಲೂ ಕೆಣಕುತ್ತಾಳೆ. ಹುಟ್ಟಿದಾಗಿನಿಂದ ನಾನು ಯಾರಿಗೂ "ತಡಿ" ಎಂದವಳಲ್ಲ, ನಮ್ಮ ಮನೆಯಲ್ಲಿ ಯಾರನ್ನಾದರೂ ಕೇಳಿ. ಅಂದು ನನ್ನ ಬಾಯಿಂದ ಆ ಮಾತು ಆಡಿಸಿದವನಿಗೆ ಸಾವಿರ ಶರಣು.