ಪೂಂಗೊಡಿಯ ಬಲಗೈ

ಚೆನ್ನೈನ ರಿಚ್ಚಿ ಸ್ಟ್ರೀಟಿನಲ್ಲಿ ಒಂದು ರೂಢಿಯಿದೆ. ಕಂಪ್ಯೂಟರ್ ರಿಪೇರಿಗೆ ತಂದವನು ಮೇಜಿನೆದುರೇ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ಒಳ್ಳೆಯ ಭಾಗ ತೆಗೆದು ಹಳೆಯದನ್ನು ತುರುಕಿಯಾರೆಂಬ ಗುಮಾನಿ. ಪೂಂಗೊಡಿ ಅದಕ್ಕೆಲ್ಲ ಸೊಪ್ಪು ಹಾಕಿದವಳಲ್ಲ. ಆ ಸಾಲಿನಲ್ಲಿ ಸರ್ಕ್ಯೂಟ್ ಬೋರ್ಡಿನ ರಿಪೇರಿಗೆ ಕೂತ ಹೆಂಗಸು ಅವಳೊಬ್ಬಳೇ. ನೋಡುವವರು ನೋಡಲಿ ಎಂಬ ಜಂಬವೂ ಇತ್ತು.

ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಬಲಗೈ ನಡುಗಲು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಪಕ್ಕದ ಮೇಜಿನ ಆರೋಗ್ಯಸಾಮಿಯ ಕೈನಡುಕ ಮಾಲೀಕ ಶಾಹುಲ್ ಭಾಯ್ ಕಣ್ಣಿಗೆ ಬಿದ್ದದ್ದೇ ತಡ, ಅವನನ್ನು ಬಾಗಿಲಲ್ಲಿ ವೈರು ಮಾರಲು ಕೂರಿಸಿದ್ದರು. ಭಾಯ್ ಕೆಟ್ಟವರೇನಲ್ಲ, ಅಂಗಡಿಯ ಹೆಸರು ಕೆಡುವುದೆಂದರೆ ಅವರಿಗೆ ಪ್ರಾಣಸಂಕಟ. ಆರೋಗ್ಯಸಾಮಿ ಅವಮಾನ ತಾಳದೆ ಬರುವುದನ್ನೇ ಬಿಟ್ಟ. ತನ್ನ ಮೇಜೂ ಹೀಗೇ ಹೋದೀತೆಂಬ ಭಯ ಪೂಂಗೊಡಿಗೆ.

ಒಂದು ಮಧ್ಯಾಹ್ನ ಝೆರಾಕ್ಸ್ ಅಂಗಡಿಯ ಇಳವರಸು ಕಂಪ್ಯೂಟರ್ ಹೊತ್ತು ತಂದ.

"ಅಕ್ಕಾ, ಹಾಕಿದ್ ಸ್ವಲ್ಪ ಹೊತ್ತಿಗೇ ಕಾದು ತಾನೇ ಆಫ್ ಆಗ್ಬಿಡುತ್ತೆ. ಮೇಲೆ ದೋಸೆ ಹುಯ್ಬಹುದು!"

"ಹಿಟ್ಟು ತಂದಿದ್ದೀಯೇನಪ್ಪಾ?"

ಅವನು ನಗುತ್ತಾ ಸ್ಟೂಲ್ ಎಳೆದುಕೊಂಡ.

ಪ್ರೊಸೆಸರ್ ಚಿಪ್ಪಿಗೂ ಅದರ ಮೇಲಿನ ಫ್ಯಾನಿಗೂ ನಡುವಿನ, ಬಿಸಿ ಸಾಗಿಸುವ ಪೇಸ್ಟ್ ಒಣಗಿತ್ತು, ಅಷ್ಟೇ. ಯಂತ್ರ ಓಡಿಸಿ, ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಮೆಲ್ಲಗೆ ತಿರುಚಿ ಫ್ಯಾನ್ ಬಿಡಿಸಬೇಕು. ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವಳೇ ಅವಳು. ಆದರೆ ಎದುರಿಗೆ ಮಿಟುಕದ ಎರಡು ಕಣ್ಣು. ನಡುಕ ಬರುವ ಮೊದಲೇ ಮುಗಿಸಿಬಿಡೋಣವೆಂಬ ಗಾಬರಿಯಲ್ಲಿ ತಣ್ಣಗಿದ್ದ ಫ್ಯಾನನ್ನು ನೆಟ್ಟಗೆ ಎಳೆದಳು. ಟಕ್ಕೆಂದಿತು. ಫ್ಯಾನಿಗೆ ಅಂಟಿಕೊಂಡು ಚಿಪ್ಪೂ ಕಿತ್ತು ಬಂತು. ಕೂದಲಿನಷ್ಟು ಸಣ್ಣ ಅದರ ಕಾಲುಗಳಲ್ಲಿ ಕೆಲವು ಬಾಗಿದ್ದವು.

ಪೂಂಗೊಡಿ ಫ್ಯಾನನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಒಂದು ಕಾಲು ಮುರಿದರೂ ಚಿಪ್ಪು ಸತ್ತಂತೆ, ಜೊತೆಗೆ ತಾನೂ.

"ಏನಾಯ್ತಕ್ಕಾ?"

"ಏನಿಲ್ಲ. ಬೆಳಕಿಗೆ ಅಡ್ಡ ಬರ್ಬೇಡ, ಹಿಂದೆ ಸರಿ."

ಗಲ್ಲಾದಲ್ಲಿ ಭಾಯ್ ಅತ್ತ ತಿರುಗಿ ಫೋನಿನಲ್ಲಿ ಕೂಗಾಡುತ್ತಿದ್ದರು. ಆ ಫೋನ್ ಮುಗಿಯದಿರಲೆಂದು ಬೇಡಿಕೊಳ್ಳುತ್ತಾ ಅವಳು ಚಿಪ್ಪು ಬಿಡಿಸಿದಳು. ಸೀಸದ ಕಡ್ಡಿ ತೆಗೆದ ಕ್ಲಿಕ್ ಪೆನ್ಸಿಲ್ಲಿನ ತುದಿಯ ತೂತಿಗೆ ಬಾಗಿದ ಕಾಲನ್ನು ತೂರಿಸಿ ನೆಟ್ಟಗೆ ಮಾಡಬೇಕು. ಕೈ ಗಡಗಡ ನಡುಗಿತು. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ, ಅದರ ಮೇಲೆ ಎಡಗೈ ಹೇರಿ, ಉಸಿರು ಕಟ್ಟಿ, ಒಂದೊಂದೇ ಕಾಲನ್ನು ಎತ್ತಿದಳು. ಸೀರೆ ಬೆನ್ನಿಗೆ ಅಂಟಿತ್ತು. ಇಳವರಸು ಅವಳ ಕೈಯನ್ನೇ ನೋಡುತ್ತಿದ್ದ.

ಕಾಲುಗಳು ಮುರಿಯಲಿಲ್ಲ. ಹಳೆಯ ಪೇಸ್ಟ್ ಒರೆಸಿ, ಚಿಪ್ಪು ಕೂರಿಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಫ್ಯಾನ್ ಬಿಗಿದು ಗುಂಡಿ ಒತ್ತಿದಳು. ಪರದೆ ಬೆಳಗಿತು. ಎಷ್ಟು ಹೊತ್ತು ಓಡಿಸಿದರೂ ಕಾಯಲಿಲ್ಲ. ಪೂಂಗೊಡಿಗೆ ಅಳು ಬರುವಷ್ಟು ಹಗುರಾಯಿತು.

ಇಳವರಸು ಒಳ್ಳೆಯ ಹುಡುಗ. ಬಾಯಲ್ಲಿ ಮಾತು ನಿಲ್ಲದ ಒಳ್ಳೆಯ ಹುಡುಗ. ದುಡ್ಡು ಕೊಡಲು ಗಲ್ಲಾಕ್ಕೆ ಹೋದವನು ಅಂಗಡಿಗೆಲ್ಲ ಕೇಳುವಂತೆ ಹೊಗಳಿದ.

"ಭಾಯ್, ಅಕ್ಕ ಚಿನ್ನ ಕಣ್ರೀ! ಪಾಪ, ಕೈ ಅಷ್ಟೊಂದು ನಡುಗ್ತಿದ್ರೂ ಎಂಥಾ ಕೆಲ್ಸ ಮಾಡಿದ್ರು! ಕಣ್ಣಾರೆ ನೋಡ್ದೆ."

ಭಾಯ್ ಫೋನ್ ಕೆಳಗಿಟ್ಟು ಅವಳ ಮೇಜಿಗೆ ಬಂದರು.

"ಪೂಂಗೊಡಿ, ಎಲ್ಲಿ, ಕೈ ನೀಡಮ್ಮಾ."

ಅವಳು ಎಡಗೈ ನೀಡಿದಳು.