ನಡುಗೋಡೆಗೆ ನಿಂತ ಟೇಪು

೧೯೮೨ರ ಬೇಸಿಗೆ. ಹಾಲ್ಕುರಿಕೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನೂ ನನ್ನ ವಾರಗಿತ್ತಿ ಗಿರಿಜಕ್ಕನೂ ಒಂದೇ ಹೆಂಚಿನ ಮನೆಯನ್ನು ಭಾಗ ಮಾಡಿಕೊಂಡು, ನಡುವೆ ಗೋಡೆ ಎಬ್ಬಿಸಿ ವಾಸವಾಗಿದ್ದೆವು. ಹಿಂದಿನ ವರ್ಷ ಭಾವ ತಿಪಟೂರಿಗೆ ಹೋಗಿ ತಮ್ಮ ಭಾಗಕ್ಕೆ ವಿಮೆ ಮಾಡಿಸಿದ್ದರು. ಬರೀ ಬೆಂಕಿಗಲ್ಲ, ಇನ್ನಷ್ಟು ಹಣ ಕಟ್ಟಿ ಬಿರುಗಾಳಿಯನ್ನೂ ಸೇರಿಸಿದ್ದರು. ಗಿರಿಜಕ್ಕ ನಮಗೂ ಮಾಡಿಸಿಕೊಳ್ಳಲು ಹೇಳಿದಾಗ, "ಗಟ್ಟಿಯಾಗಿ ನಿಂತಿರೋ ಮನೆಗೆ ಯಾಕಕ್ಕ ದಂಡ ಕಟ್ಟೋದು?" ಎಂದು ನಕ್ಕುಬಿಟ್ಟಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಎದ್ದ ಗಾಳಿಗೆ ಹಿತ್ತಲ ತೆಂಗಿನಮರ ಬುಡಸಮೇತ ಉರುಳಿ ಎರಡೂ ಮನೆಯ ಮೇಲೆ ಅಡ್ಡಲಾಗಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ತೊಲೆ ಮುರಿದು, ಹೆಂಚು ಪುಡಿಯಾಗಿ, ಕೊಬ್ಬರಿಯಾಗಲೆಂದು ಅಟ್ಟದಲ್ಲಿ ತುಂಬಿಟ್ಟಿದ್ದ ಕಾಯೆಲ್ಲ ಹಿಂದೆಯೇ ಸುರಿದ ಮಳೆಯಲ್ಲಿ ನೆನೆದವು.

ನಾಲ್ಕು ದಿನಕ್ಕೆ ವಿಮೆಯವರೊಬ್ಬರು ಬಂದರು. ಟೇಪು ಹಿಡಿದು ಸೂರು ಅಳೆಯುತ್ತ ಬಂದವರು ನಡುಗೋಡೆ ಸಿಕ್ಕಿದೊಡನೆ ನಿಲ್ಲಿಸಿದರು. ಅದೇ ಮರ, ಅದೇ ಗಾಳಿ. ಗಿರಿಜಕ್ಕನಿಗೆ ಹಣ ಸಿಗುತ್ತದೆ, ನನಗಿಲ್ಲ! ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು.

ಅವರು ನೀರು ಕೇಳಿಕೊಂಡು ನಮ್ಮ ಜಗಲಿಗೆ ಬಂದಾಗ, ಚೊಂಬು ಕೊಡುತ್ತ, ಕೇಳದಿದ್ದರೂ ಹೇಳಿಬಿಟ್ಟೆ. "ಅವರ ಹಿಂದ್ಲು ಸಾಲಿನ ಹೆಂಚು ಮೊದ್ಲೇ ಒಡೆದಿದ್ವು ಸಾರ್. ಗಾಳಿಗೆ ಹೋದವಲ್ಲ."

ಮಾತು ನಿಜವೇ. ಆದರೆ ನಿಜ ಹೇಳಬೇಕೆಂದು ನಾನು ಹೇಳಿದ್ದಲ್ಲ.

ಆಮೇಲೆ ಅವರು ಭಾವನಿಗೆ ವಿವರಿಸುವುದು ಕೇಳಿಸಿತು. "ಹಳೇ ಸೂರಿಗೆ ಹೊಸದರ ಬೆಲೆ ಬರಲ್ಲ ಕಣ್ರೀ. ಮೊದಲೇ ಒಡೆದಿದ್ದಕ್ಕೂ ಇಲ್ಲ. ಅಟ್ಟದ ಕಾಯಿ ಪತ್ರದಲ್ಲಿ ಬರೆಸಿಲ್ಲ, ಅದೂ ಸೇರಲ್ಲ." ಕಾಯಿಗೆ ಏನೂ ಸಿಗುವುದಿಲ್ಲವೆಂದು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಮ್ಮ ಕಾಯೂ ಕೊಳೆಯುತ್ತಿದ್ದುದು ಆ ಕ್ಷಣ ನೆನಪಾಗಲೇ ಇಲ್ಲ.

ಅಷ್ಟಾದರೂ ಅವರಿಗೆ ಹಣ ಬಂತು, ಕೆಂಪಗೆ ಹೊಸ ಹೆಂಚು ಕೂತಿತು. ನಾವು ತೆಂಗಿನ ಗರಿ ಹೊದಿಸಿಕೊಂಡೆವು. ಅಂಗಳ ಗುಡಿಸುವಾಗ ತಲೆ ಎತ್ತಬಾರದೆಂದುಕೊಂಡರೂ ಕಣ್ಣು ಆ ಕಡೆಗೇ ಹೋಗುತ್ತಿತ್ತು. ಜೋರು ಮಳೆ ಬಂದರೆ ಗಿರಿಜಕ್ಕ ನನ್ನ ಮಕ್ಕಳನ್ನು ಕರೆದು ಮಲಗಿಸಿಕೊಳ್ಳುತ್ತಿದ್ದಳು. ಅದೂ ನನಗೆ ಚುಚ್ಚುತ್ತಿತ್ತು.

ಗೌರಿ ಹಬ್ಬದ ಹಿಂದಿನ ದಿನ ಅವಳು ವಿಮೆಯ ಪತ್ರ ಹಿಡಿದು ಬಂದಳು. "ಸೂರು ಆದ್ಮೇಲೆ ನೀನೂ ಮಾಡ್ಸು ಕಣೇ ಸರೋಜ. ಗಾಳಿಗೆ ಅಂತ ಕೇಳಿ ಬರೆಸು. ಕಾಯಿನೂ ಸೇರ್ಸು. ಒಡೆದ ಹೆಂಚಿದ್ರೆ ಮುಂಚೇನೇ ಬದಲಾಯ್ಸು. ನಾವು ಅದ್ರಲ್ಲೇ ಕೆಟ್ವಿ."

ನಾನೇ ಬಾಯಿಬಿಟ್ಟೆ. "ಅಕ್ಕ, ಹೆಂಚಿನ ವಿಷ್ಯ ಅವರಿಗೆ ಹೇಳಿದ್ದು..."

"ನೀನೇ ಅಂತ ಅವತ್ತೇ ಗೊತ್ತಾಯ್ತು. ಬುಡು, ಸುಳ್ಳೇನು ಹೇಳ್ಲಿಲ್ವಲ್ಲ," ಎಂದು ಪತ್ರವನ್ನು ನನ್ನ ಕೈಗೆ ಕೊಟ್ಟಳು.

ಮುಂದಿನ ವರ್ಷ ನಮ್ಮ ಮನೆಗೂ ಹೆಂಚು ಬಂತು, ವಿಮೆಯೂ ಆಯಿತು. ನಾನು ಅವಳ ಜಾಗದಲ್ಲಿದ್ದಿದ್ದರೆ ಆ ಪತ್ರ ತಂದು ತೋರಿಸುತ್ತಿದ್ದೆನೇ? ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಗಿರಿಜಕ್ಕನನ್ನು ಕಂಡರೆ ಈಗಲೂ ಒಳಗೊಳಗೇ ಹೊಟ್ಟೆ ಉರಿಯುತ್ತದೆ.