ನುಗ್ಗೆ ಮರದ ಬುಡದ ಮೇಣದ ತುಂಡು

ಮಕ್ಕಳೇ, ಉರಿಗಾಂನ ಗಣಿ ಆಳುಗಳ ಎರಡು ಲೈನುಗಳ ಸಾಲುಮನೆಗಳಿಗೆ ನಾನು ಆಶಾ ಕಾರ್ಯಕರ್ತೆಯಾಗಿ ಅದು ಹದಿನಾಲ್ಕನೆಯ ವರ್ಷ. ಮುನಿರತ್ನ ಎಂಬ ನಲವತ್ತೊಂದು ವರ್ಷದ ಹೆಂಗಸಿಗೆ ಬೆಂಗಳೂರಿನಲ್ಲಿ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಜೊತೆಗೆ ಹೋಗಿದ್ದವಳು ನಾನೇ.

ಮನೆಗೆ ಕಳಿಸುವ ದಿನ ಆಸ್ಪತ್ರೆಯವರು ರಿಪೋರ್ಟಿನ ಜೊತೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೇಣದ ತುಂಡೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರು. ಗಡ್ಡೆಯ ಚೂರನ್ನು ಹೀಗೆ ಮೇಣದಲ್ಲಿ ಹುದುಗಿಸಿಡುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದನ್ನು ಬೇರೆ ಲ್ಯಾಬಿಗೆ ಕೊಟ್ಟು ಇನ್ನೊಂದು ಪರೀಕ್ಷೆ ಮಾಡಿಸಬೇಕಿತ್ತು. ಅಂದು ಆ ಲ್ಯಾಬಿಗೆ ರಜೆ. ಊರಿಗೆ ಬಂದು ಅವಳ ಅತ್ತೆ ಮುನಿಯಮ್ಮನ ಕೈಗೆ ಕೊಟ್ಟು, "ಇದ್ರಾಗೆ ರತ್ನನಿಂದ ತೆಗ್ದಿದ್ ಮಾಂಸ ಐತೆ, ಇಟ್ಕಳಿ" ಎಂದೆ. ಹೇಳಿದ್ದು ಅಷ್ಟೇ.

ಹತ್ತು ದಿನ ಬಿಟ್ಟು ಕೇಳಿದರೆ, "ಮಣ್ಗಾಕ್ದೆ" ಎಂದರು.

"ಯಾಕಮ್ಮಾ?"

"ಯಾಕಂತೀಯಲ್ಲಮ್ಮೋ! ದೀಪ ಅಚ್ಚೋ ಮನೇಲಿ ಮೈಯಿಂದ ಕುಯ್ದಿದ್ದನ್ನ ಇಕ್ಕಂತಾರಾ? ನೀನ್ ಇಕ್ಕಂತೀಯಾ?"

ನಾನೂ ಇಟ್ಟುಕೊಳ್ಳುತ್ತಿರಲಿಲ್ಲ. ಅರಿಶಿನ ಹಾಕಿ ನುಗ್ಗೆ ಮರದ ಬುಡದಲ್ಲಿ ಹೂತಿದ್ದರು. ಅಗೆಯೋಣ ಎಂದರೆ ಒಪ್ಪಲಿಲ್ಲ. "ಊತಿದ್ದನ್ನ ತೆಗೆದ್ರೆ ಮನೆಗೆ ಕೇಡು. ಮಾತ್ರೆ ನುಂಗ್ತಾವ್ಳಲ್ಲ, ಸಾಕು ಬಿಡು."

ಸಾಕಾಗುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಹಾರ್ಮೋನ್ ಬಂದು ಕೂರುವ ರಿಸೆಪ್ಟರ್ ಇರುತ್ತದೆ. ಹಾರ್ಮೋನ್ ಕೂತರೆ ಕೋಶ ಬೆಳೆಯುತ್ತದೆ. ಮಾತ್ರೆ ಆ ಜಾಗ ಹಿಡಿದು ತಡೆಯುತ್ತದೆ. ಆದರೆ ಕೋಶದ ಮೇಲೆ ಹರ್-2 ಎಂಬ ಪ್ರೋಟೀನು ಹೆಚ್ಚಾಗಿದ್ದರೆ, ಅದು ಒಳಗೆ ಕಳಿಸುವ ಸಂಕೇತ ಆ ರಿಸೆಪ್ಟರನ್ನೂ ಕೆರಳಿಸಬಹುದು. ಆಗ ಬರೀ ಮಾತ್ರೆಗೆ ಕ್ಯಾನ್ಸರ್ ಬಗ್ಗದೆ ಹೋಗಬಹುದು. ಬೇರೆ ಇಂಜೆಕ್ಷನ್ ಬೇಕು. ರತ್ನಳ ರಿಪೋರ್ಟಿನಲ್ಲಿ ಹರ್-2 ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದು ಬಂದಿತ್ತು; ಅದನ್ನು ತೀರ್ಮಾನಿಸಲೇ ಬ್ಲಾಕಿನ ಪರೀಕ್ಷೆ.

ಇದನ್ನು ಮುನಿಯಮ್ಮನಿಗೆ ಹೇಗೆ ಹೇಳಲಿ? ನಿಮ್ಮ ತಾತ ನೆನಪಾದರು. ನಂದಿದುರ್ಗ ಗಣಿಯಲ್ಲಿ ಅವರದು ಗಂಟೆ ಹೊಡೆಯುವ ಕೆಲಸ. ಆ ಗಂಟೆ ಕೇಳಿದರೇನೇ ಆಳುಗಳನ್ನು ಹೊತ್ತ ಕೇಜು, ಅಂದರೆ ಗಣಿಯ ಲಿಫ್ಟು, ಮೇಲೇಳುತ್ತಿದ್ದುದು. ಮುನಿಯಮ್ಮನ ಗಂಡನೂ ಅದೇ ಕೇಜಿನಲ್ಲಿ ಇಳಿದವರು.

"ಅಮ್ಮಾ, ಕಾಯಿಲೆ ಏಳೋಕೆ ಒಡಿಯೋ ಒಂದ್ ಗಂಟೆಗೆ ಮಾತ್ರೆ ಬಟ್ಟೆ ಸುತ್ತೈತೆ. ಇನ್ನೊಂದ್ ಕಡೆಯಿಂದ ಯಾರಾದ್ರೂ ಗಂಟೆ ಒಡೀತಿದ್ರೆ?"

"ಕೇಜು ಎದ್ದೇ ಏಳ್ತದೆ."

"ಒಡೀತಾವ್ರಾ ಇಲ್ವಾ ಅನ್ನೋದು ಆ ಮೇಣದಾಗೈತೆ."

ಅವರು ಸೊಸೆಯ ಮುಖ ನೋಡಿದರು. ಆಮೇಲೆ ಗಡಾರಿ ತಂದರು. "ನೀನ್ ಮುಟ್ಬೇಡ. ಊತೋಳು ನಾನು, ಕೇಡು ಬಂದ್ರೆ ನನಗೇ ಬರ್ಲಿ."

ಅಗೆದು ತೆಗೆದ ಬ್ಲಾಕಿನ ಮಣ್ಣು ಒರೆಸಿಕೊಂಡು ಮರುದಿನ ಬೆಳಗಿನ ರೈಲಿನಲ್ಲಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋದೆ. ಲ್ಯಾಬಿನ ಹುಡುಗಿ ಅರಿಶಿನದ ಕಲೆ ನೋಡಿ ಹುಬ್ಬೇರಿಸಿದಳು. ಕವರೂ ಮೇಣವೂ ಒಳಗಿನ ಚೂರನ್ನು ಕಾಪಾಡಿದ್ದವು. ಹರ್-2 ಹೆಚ್ಚಿದೆ ಎಂದು ಬಂತು. ಮಾತ್ರೆಯ ಜೊತೆ ವರ್ಷವಿಡೀ ಇಂಜೆಕ್ಷನ್ ಆಯಿತು. ರತ್ನ ಈಗ ನನಗಿಂತ ಜೋರಾಗಿ ನಡೆಯುತ್ತಾಳೆ.

ತಪ್ಪು ಮುನಿಯಮ್ಮನದಲ್ಲ. ಏನೆಂದು ಹೇಳಿ, ಏಕೆಂದು ಹೇಳದೆ ಬಂದವಳು ನಾನು. ಆಮೇಲೆ ಯಾರ ಕೈಗೆ ಏನು ಕೊಟ್ಟರೂ ಏಕೆಂಬುದನ್ನು ಹೇಳದೆ ಹೊಸಿಲು ದಾಟಿಲ್ಲ.

ಲ್ಯಾಬಿನವರು ಬ್ಲಾಕ್ ವಾಪಸು ಕೊಟ್ಟಾಗ ಮತ್ತೆ ಹೂಳುತ್ತಾರೆಂದುಕೊಂಡಿದ್ದೆ. ಮುನಿಯಮ್ಮ ಟ್ರಂಕು ತೆಗೆದು ರೇಷನ್ ಕಾರ್ಡಿನ ಪಕ್ಕದಲ್ಲಿಟ್ಟರು.

"ದೀಪ ಅಚ್ಚೋ ಮನೆ ಅಲ್ವೇನಮ್ಮಾ?" ಎಂದೆ.

"ದೀಪ ಅಚ್ಚೋಳು ರತ್ನಾನೇ ತಾನೇ, ಸುಮ್ಕಿರು" ಎಂದರು.